ಬಣ್ಣ ತುಂಬುವವಳು

ಆ ಪೇಟೆಯಲ್ಲಿ ಹೊಸ ಅಂಗಡಿ ತೆರೆಯುವವರು ಬಾಗಿಲಿಗೆ ಬೀಗ ಕೊಳ್ಳುವ ಮೊದಲು ಮೇಷ್ಟ್ರ ಮನೆಗೆ ಬರುತ್ತಿದ್ದರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಬೋರ್ಡ್ ಬರೆಯುವವರು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಊರು ಅವರನ್ನು ಮೇಷ್ಟ್ರು ಮಾಡಿಬಿಟ್ಟಿತ್ತು. ಔಷಧಿ ಅಂಗಡಿ, ಬೇಕರಿ, ಸೈಕಲ್ ಶಾಪು, ಕ್ಷೌರದಂಗಡಿ, ಯಾವುದರ ನೆತ್ತಿ ನೋಡಿದರೂ ಅದೇ ಅಕ್ಷರ. ಹೊಟ್ಟೆ ತುಂಬ ಉಂಡು ಆರಾಮಾಗಿ ಕೂತವರ ಹಾಗೆ ದುಂಡು ದುಂಡಗೆ, ಬಾಲದಲ್ಲಿ ಸಣ್ಣದೊಂದು ಕೊಂಕು. ಕೆಳಗೆ ಎಡ ಮೂಲೆಯಲ್ಲಿ ಮೇಷ್ಟ್ರ ಸಹಿ, ಪಕ್ಕದಲ್ಲಿ ಇಸವಿ.

ಅವರ ಹೆಂಡತಿಯನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಉಗುರಿನ ಸಂದಿಯಲ್ಲಿ ವರ್ಷವಿಡೀ ಯಾವುದಾದರೊಂದು ಬಣ್ಣ ಇದ್ದೇ ಇರುತ್ತಿತ್ತು, ಸೀಮೆಎಣ್ಣೆಯಲ್ಲಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಇಪ್ಪತ್ತೆರಡಕ್ಕೆ ಮದುವೆಯಾಗಿ ಬಂದವಳು ಮೊದಲ ವರ್ಷ ಕುಂಚ ತೊಳೆದಳು, ಎರಡನೆಯ ವರ್ಷ ತಗಡು ತಿಕ್ಕಿದಳು, ಮೂರನೆಯ ವರ್ಷದಿಂದ ಬಣ್ಣ ತುಂಬಲು ಕುಳಿತಳು. ಮೇಷ್ಟ್ರು ಸೀಮೆಸುಣ್ಣದಲ್ಲಿ ಗೀಚಿಕೊಡುವುದು, ಅವಳು ಬಣ್ಣ ತುಂಬುವುದು. ಬಂದವರು ಯಾರಾದರೂ "ಅಕ್ಕನೂ ಬರೀತಾರಾ?" ಎಂದು ಕೇಳಿದರೆ ಮೇಷ್ಟ್ರು, "ಬರೆಯೋನು ನಾನು. ಅವಳು ಬಣ್ಣ ತುಂಬ್ತಾಳೆ, ಅಷ್ಟೆ" ಎನ್ನುತ್ತಿದ್ದರು. ಅವಳೂ ಕೇಳಿದವರಿಗೆ ಅದನ್ನೇ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಇಪ್ಪತ್ತೊಂದು ವರ್ಷ ಕಳೆದುಹೋಯಿತು.

ಬರೆಯುವಾಗ ಮಣಿಕಟ್ಟಿನಡಿ ಆಸರೆ ಕೊಡಲು ಮೇಷ್ಟ್ರ ಹತ್ತಿರ ಒಂದು ಕೋಲಿತ್ತು, ತುದಿಗೆ ಬಟ್ಟೆಯ ಉಂಡೆ ಕಟ್ಟಿದ್ದು. ಬರಬರುತ್ತ ಆ ಕೋಲಿಗೆ ಬೇರೆ ಕೆಲಸವೂ ಬಂತು. ಅವಳು ನೆಲದ ಮೇಲೆ ಕೂತು ಬೋರ್ಡಿನ ಮೇಲೆ ಬಗ್ಗಿದ್ದಾಗ ಅವರು ಹಿಂದೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಗೆರೆ ಒಂದು ಕೂದಲೆಳೆ ಆಚೆ ಹೋದರೆ ಕೋಲಿನ ಬುಡದಿಂದ ನೆಲಕ್ಕೆ ಎರಡು ಸಲ ಕುಟ್ಟುವರು. ಟಕ್, ಟಕ್. ಅವಳು ಅಲ್ಲೇ ನಿಲ್ಲಿಸಿ, ಚಿಂದಿಯಿಂದ ಒರೆಸಿ, ಮತ್ತೆ ಶುರುಮಾಡುವಳು. ಬೈಗುಳ ಇಲ್ಲ, ಜಗಳ ಇಲ್ಲ. ಅಕ್ಕಪಕ್ಕದ ಹೆಂಗಸರು, "ನಿಮ್ಮ ಯಜಮಾನರಂಥೋರು ಸಿಗೋದು ಕಷ್ಟ ಕಣ್ರೀ, ಒಂದು ದಿನ ದನಿ ಏರಿಸಿದ್ದು ಕೇಳಿಲ್ಲ" ಎನ್ನುವರು. ಅವಳು ಹೌದು ಎಂದು ತಲೆಯಾಡಿಸುವಳು.

ಮೇಷ್ಟ್ರು ತೀರಿಕೊಂಡದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ, ಅದೇ ಕುರ್ಚಿಯಲ್ಲಿ. ಅವಳು ದರ್ಜಿಯೊಬ್ಬನ ಬೋರ್ಡಿನ ಮೇಲೆ ಬಗ್ಗಿದ್ದಳು. ಹಿಂದೆ ಟಕ್ ಎಂದಿತು. ಒಂದೇ ಸಲ. ಆಮೇಲೆ ಕೋಲು ನೆಲದ ಮೇಲೆ ಉರುಳಿದ ಸದ್ದು. ಸಿಟ್ಟು ಬಂದು ಕೋಲು ಬಿಸಾಕಿದರು ಎಂದುಕೊಂಡಳು. ತಪ್ಪೆಲ್ಲಾಯಿತೆಂದು ನೋಡಿದಳು, ಎಲ್ಲೂ ಕಾಣಲಿಲ್ಲ. ಕೆಂಪು ಬಣ್ಣ ಕುಂಚದ ತುದಿಯಲ್ಲಿತ್ತು, ಅಕ್ಷರ ಅರ್ಧವಾಗಿತ್ತು. ಅದನ್ನು ಮುಗಿಸಿದಳು. ಬಾಲದ ಕೊಂಕನ್ನೂ ಎಳೆದಳು. ಆಮೇಲೆ ತಿರುಗಿದಳು.

ಮೇಷ್ಟ್ರ ತಲೆ ಎದೆಯ ಮೇಲೆ ವಾಲಿತ್ತು.

ಓಡಿಬಂದ ಡಾಕ್ಟರು, "ಹೃದಯ ನಿಂತಿದೆ, ನೀವು ತಕ್ಷಣ ನೋಡಿದ್ರೂ ಏನೂ ಮಾಡೋಕೆ ಆಗ್ತಿರಲಿಲ್ಲ" ಎಂದರು. ತಕ್ಷಣ ನೋಡಿದಿರಾ ಎಂದು ಅವರು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಒಂದು ಅಕ್ಷರ ಮುಗಿಸಲು ಎಷ್ಟು ಹೊತ್ತು ಬೇಕು? ಆ ಲೆಕ್ಕ ಅವಳ ಎದೆಯೊಳಗೆ ಕಲ್ಲಿನ ಹಾಗೆ ಕೂತಿತು. ದರ್ಜಿಯ ಬೋರ್ಡನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದಳು. ಅವನಿಗೆ ಬೇರೆ ತಗಡಿನಲ್ಲಿ ಬೇರೆಯದನ್ನೇ ಬರೆದುಕೊಟ್ಟಳು.

ಹೌದು, ಬರೆದುಕೊಟ್ಟಳು. ಮನೆಯಲ್ಲಿ ಅತ್ತೆ ಇದ್ದರು, ಎಪ್ಪತ್ತೆಂಟರ ಮುದುಕಿ, ಕಣ್ಣು ಅರ್ಧ ಮಂಜು. ಇಬ್ಬರ ಹೊಟ್ಟೆಪಾಡು ನಡೆಯಬೇಕಿತ್ತು. ಮೇಷ್ಟ್ರು ಗೀಚಿಕೊಡದೆ ಬರೆಯಲಾದೀತೇ ಎಂಬ ಅಂಜಿಕೆಯಲ್ಲೇ ಕೂತವಳಿಗೆ ಕೈ ತಾನಾಗಿ ಓಡಿತು. ಅಕ್ಷರಕ್ಕೆ ಅದೇ ದುಂಡು ಹೊಟ್ಟೆ, ಅದೇ ಕೊಂಕು. ಬೋರ್ಡ್ ಒಯ್ಯಲು ಬಂದ ದರ್ಜಿ ಅದನ್ನು ನೋಡಿ ಕಣ್ಣೊರೆಸಿಕೊಂಡ.

"ಮೇಷ್ಟ್ರು ಹೋಗಿಲ್ಲ ಅಕ್ಕಾ. ನಿಮ್ಮ ಕೈಯೊಳಗೆ ಬಂದು ಕೂತಿದ್ದಾರೆ."

ಆ ಮಾತು ಊರಿಡೀ ಹಬ್ಬಿತು. ಬಂದವರೆಲ್ಲ ಅದನ್ನೇ ಹೇಳಿದರು. ಮೊದಮೊದಲು ಅವಳಿಗೂ ಹಿತವೆನಿಸಿತು. ಆಮೇಲೆ ಒಂದು ಮಧ್ಯಾಹ್ನ ಹಿಟ್ಟಿನ ಗಿರಣಿಯ ಬೋರ್ಡ್ ಬರೆಯುತ್ತಿದ್ದಾಗ, ಅಕ್ಷರ ತುಸು ಅಗಲವಾಯಿತು ಎಂದು ಅವಳಿಗೇ ಅನಿಸಿದ ಕ್ಷಣದಲ್ಲಿ, ಹಿಂದಿನಿಂದ ಕೇಳಿಸಿತು.

ಟಕ್, ಟಕ್.

ತಿರುಗಿದರೆ ಖಾಲಿ ಕುರ್ಚಿ. ಕೋಲು ಮೂಲೆಯಲ್ಲಿ ತನ್ನ ಪಾಡಿಗೆ ಒರಗಿ ನಿಂತಿತ್ತು. ಇಲಿ ಇರಬೇಕು ಎಂದುಕೊಂಡಳು. ಕಿಟಕಿಯ ಬಳಿ ಕೂತಿದ್ದ ಅತ್ತೆ ಮುಖವೆತ್ತಿ, "ಬಂದ್ಯೇನಪ್ಪಾ?" ಎಂದರು. ಅವಳ ಕೈಯ ಕುಂಚ ಕೆಳಗೆ ಬಿತ್ತು.

"ಯಾರು ಬಂದ್ರು ಅತ್ತೆ?"

"ಇನ್ಯಾರು ಬರ್ತಾರೆ? ನಿನ್ನ ಗಂಡ. ಚಪ್ಪಲಿ ಹೊರಗೆ ಬಿಡು ಅಂತ ಹೇಳು, ಬದುಕಿದ್ದಾಗಲೂ ಇದೇ ಕತೆ."

ಅವಳು ಗಿರಣಿಯ ಆ ಅಕ್ಷರವನ್ನು ಒರೆಸಿ ಮತ್ತೆ ಬರೆದಳು.

ಅಂದಿನಿಂದ ಅದು ನಿಲ್ಲಲಿಲ್ಲ. ವಾರಕ್ಕೊಮ್ಮೆ, ಕೆಲವೊಮ್ಮೆ ದಿನಕ್ಕೆರಡು ಸಲ. ಮನೆ ಬಿಟ್ಟು ಹೊರಗೆ ಹೋದರೂ ಬಿಡುಗಡೆಯಿಲ್ಲ. ಬೀದಿಯ ಎರಡೂ ಬದಿಯಲ್ಲಿ ತಲೆಯೆತ್ತಿದಲ್ಲೆಲ್ಲ ಆ ಅಕ್ಷರಗಳು. ಔಷಧಿ ಅಂಗಡಿಯ ಮೇಲಿನಿಂದ ಅವರು ನೋಡುವರು, ಸೈಕಲ್ ಶಾಪಿನ ಮೇಲಿನಿಂದ ನೋಡುವರು, ಮುಚ್ಚಿಹೋದ ಫೋಟೋ ಸ್ಟುಡಿಯೋದ ಮಾಸಿದ ಬೋರ್ಡಿನಿಂದಲೂ ನೋಡುವರು. ತರಕಾರಿ ತರಲು ಹೋದವಳು ತಲೆ ತಗ್ಗಿಸಿ ನೆಲ ನೋಡುತ್ತ ನಡೆಯಲು ಕಲಿತಳು. "ಪಾಪ, ದುಃಖ ಇನ್ನೂ ಆರಿಲ್ಲ" ಎಂದು ಜನ ದಾರಿ ಬಿಟ್ಟುಕೊಟ್ಟರು.

ಗಾಜಿನವನು ಅವಳ ಬಾಗಿಲಿಗೆ ಬಂದದ್ದು ಇಂಥ ಹೊತ್ತಿನಲ್ಲಿ. ಪೇಟೆಯ ಕೊನೆಯಲ್ಲಿ ಅವನ ಗಾಜು, ಕನ್ನಡಿ, ಫೋಟೋ ಕಟ್ಟುಗಳ ಅಂಗಡಿ. ವಯಸ್ಸು ನಲವತ್ತೆಂಟು. ಇಬ್ಬರು ತಂಗಿಯರಿಗೆ ಮನೆ ಕಟ್ಟಿಕೊಡುವಷ್ಟರಲ್ಲಿ ತನ್ನ ಮದುವೆಯ ಮಾತು ಮರೆತುಹೋಗಿತ್ತು, ನೆನಪಿಸುವವರೂ ಇರಲಿಲ್ಲ. ಬೆರಳುಗಳ ತುಂಬ ಹಳೆಯ ಗೀರುಗಳು. ಬಟ್ಟೆಯಲ್ಲಿ ಸುತ್ತಿದ ದೊಡ್ಡ ಗಾಜನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದಿದ್ದ.

"ಇವರೇ, ಹಲ್ಲಿನ ಡಾಕ್ಟರ ಬಾಗಿಲಿಗೆ ಇದು. ಹಿಂದಿನಿಂದ ಬರೀಬೇಕು, ಮುಂದಿನಿಂದ ಓದ್ಬೇಕು. ಆಗುತ್ತಾ?"

ಊರೆಲ್ಲ ಅವಳನ್ನು ಅಕ್ಕ ಎನ್ನುತ್ತಿತ್ತು. ಇವನೊಬ್ಬ "ಇವರೇ" ಎಂದ. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದು ತೋರಗೊಡಲಿಲ್ಲ.

"ಗಾಜಿನ ಮೇಲೆ ನಾವು ಬರೆದಿಲ್ಲ. ಅವರು ಒಪ್ತಿರಲಿಲ್ಲ."

"ಅವರು ಒಪ್ತಿರಲಿಲ್ಲ ಅನ್ನೋದು ಗೊತ್ತು. ನಾಲ್ಕು ಸಲ ಕೇಳಿದ್ದೆ. ನೀವು ಒಪ್ತೀರಾ ಅಂತ ಕೇಳೋಕೆ ಬಂದೆ."

ಗಾಜಿನ ಮೇಲೆ ಎಲ್ಲವೂ ತಿರುವುಮುರುವು. ಅಕ್ಷರ ಎಡಗಡೆ ಮುಖ ಮಾಡಿ ನಿಲ್ಲಬೇಕು. ಅಂಚಿನ ಗೆರೆ ಮೊದಲು, ಒಳಗಿನ ಬಣ್ಣ ಆಮೇಲೆ, ಎಲ್ಲಕ್ಕಿಂತ ಹಿಂದಿರುವ ನೆಲದ ಬಣ್ಣ ಕೊನೆಗೆ. ಅವಳು ನಾಲ್ಕು ಸಲ ಕೆಡಿಸಿದಳು. ಮೊದಲನೆಯ ಸಲ ಕೆಡಿಸಿದಾಗ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ಕಾದಳು. ಏನೂ ಕೇಳಿಸಲಿಲ್ಲ. ಎರಡನೆಯ ಸಲವೂ ಇಲ್ಲ. ಕುರ್ಚಿಯತ್ತ ತಿರುಗಿ ನೋಡಿದಳು. ಕುರ್ಚಿ ಬರೀ ಕುರ್ಚಿಯಾಗಿತ್ತು. ಐದನೆಯ ಸಲ ಗಾಜನ್ನು ತಿರುಗಿಸಿ ಬೆಳಕಿಗೆ ಹಿಡಿದಾಗ ಅಕ್ಷರಗಳು ಒಳಗಿನಿಂದ ಹೊಳೆದವು. ಅವಳಿಗೆ ಯಾಕೋ ನಗು ಬಂತು. ಅತ್ತೆ, "ಏನೇ ಅದು, ಒಬ್ಬಳೇ ನಗ್ತೀಯಾ" ಎಂದರು. ಎಷ್ಟು ದಿನವಾಗಿತ್ತೋ ಆ ಮನೆಯಲ್ಲಿ ನಗು ಕೇಳಿ.

ಹಲ್ಲಿನ ಡಾಕ್ಟರಾದ ಮೇಲೆ ವಕೀಲರು, ಅವರಾದ ಮೇಲೆ ಕನ್ನಡಕದ ಅಂಗಡಿ. ನಡುವೆ ಗೋಡೆಯ ಮೇಲೆ ಬರೆಸುವವರೂ ಬಂದರು, ಅವಳು ಏಣಿ ಹತ್ತಿದಳು. ಗಾಜು ದೊಡ್ಡದಾದರೆ ಮನೆಗೆ ತರಲಾಗುವುದಿಲ್ಲ, ಹಾಗಾಗಿ ಅವಳೇ ಗಾಜಿನವನ ಅಂಗಡಿಗೆ ಹೋಗತೊಡಗಿದಳು. ಅವನು ಒಂದು ಮೇಜಿನಲ್ಲಿ ವಜ್ರದ ಮೊನೆಯಿಂದ ಗಾಜು ಗೀರುತ್ತಿದ್ದ, ಅವಳು ಇನ್ನೊಂದು ಮೇಜಿನಲ್ಲಿ ಬರೆಯುತ್ತಿದ್ದಳು. ಅಂಗಡಿಯ ತುಂಬ ಕನ್ನಡಿಗಳು. ತಲೆಯೆತ್ತಿದರೆ ಯಾವುದಾದರೊಂದು ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿಬೀಳುವುದು. ಅವನು ಗಡಬಡಿಸಿ ಅಳತೆಪಟ್ಟಿ ಹುಡುಕುವನು, ಅದು ಅವನ ಕೊರಳಲ್ಲೇ ನೇತಾಡುತ್ತಿರುವುದು.

"ಕೊರಳಲ್ಲಿದೆ" ಎನ್ನುವಳು.

"ಗೊತ್ತಿತ್ತು. ಪರೀಕ್ಷೆ ಮಾಡ್ದೆ, ನೀವು ನೋಡ್ತೀರೋ ಇಲ್ವೋ ಅಂತ."

ನಲವತ್ಮೂರನೇ ವಯಸ್ಸಿನಲ್ಲಿ ಕಿವಿ ಬಿಸಿಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಸಂಜೆ, ಅಂಗಡಿಯ ಮುಂದಿನ ಮೆಟ್ಟಿಲಲ್ಲಿ ಚಹಾ ಕುಡಿಯುತ್ತ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. ಕೋಲು ಉರುಳಿದ್ದು, ಅವಳು ತಿರುಗದೆ ಇದ್ದದ್ದು, ಬಾಲದ ಕೊಂಕನ್ನೂ ಎಳೆದದ್ದು. ಅವನು ತನ್ನ ಲೋಟವನ್ನು ಮೆಟ್ಟಿಲ ಮೇಲಿಟ್ಟ.

"ಗಾಜಿಗೆ ಗೀರು ಹಾಕಿದ ಮೇಲೆ ಅರ್ಧಕ್ಕೆ ನಿಲ್ಲಿಸಿದ್ರೆ ಎಲ್ಲೆಲ್ಲೋ ಒಡೆಯುತ್ತೆ. ಹಿಂದೆ ಮನೆ ಬಿದ್ರೂ ಮುಗಿಸೇ ತಿರುಗ್ತೀವಿ. ಅದು ಕಲ್ಲು ಮನಸ್ಸಲ್ಲ, ಕೈ ಹಾಗೆ ಕಲಿತಿರುತ್ತೆ. ಆ ಪಾಠ ನಿಮಗೆ ಕಲಿಸಿದ್ದು ಯಾರು?"

"ಅವರೇ."

"ಮತ್ತೆ?" ಎಂದ ಅವನು. ಅಷ್ಟೇ. ಅವಳು ಅಲ್ಲೇ ಮೆಟ್ಟಿಲಲ್ಲಿ, ಹೋಗುವವರು ಬರುವವರು ನೋಡುತ್ತಿದ್ದಂತೆ, ಗಂಡ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಅದಾಗಿ ಮೂರು ತಿಂಗಳಿಗೆ ಗಾಜಿನವನು ಮದುವೆಯ ಮಾತೆತ್ತಿದ. ಅವನು ಎತ್ತುವ ಮೊದಲೇ ಅವಳ ಮನಸ್ಸು ಹೂಂ ಎಂದಾಗಿತ್ತು. ಆದರೆ ಮಾತು ಮುಂದುವರಿಯಿತು.

"ನನ್ನ ಮನೆ ದೊಡ್ಡದಿದೆ. ಅತ್ತೇನೂ ಕರ್ಕೊಂಡು ಬನ್ನಿ. ಈ ಕೆಲಸ, ಏಣಿ ಹತ್ತೋದು, ಬಿಸಿಲಲ್ಲಿ ನೇತಾಡೋದು ಎಲ್ಲ ಸಾಕು. ನಾನಿದ್ದೀನಲ್ಲ. ಬೇಕಾದ್ರೆ ನಾನು ಗಾಜಿನ ಕೆಲಸ ಹಿಡಿದು ತರ್ತೀನಿ, ನೀವು ಒಳಗೆ ಆರಾಮಾಗಿ ಕೂತು ಬಣ್ಣ ತುಂಬಿ."

ಟಕ್, ಟಕ್.

ಗಾಜಿನವನ ಅಂಗಡಿಯಲ್ಲಿ ಅದು ಕೇಳಿಸಿದ್ದು ಅದೇ ಮೊದಲು. ಹಿಂದಿನಿಂದಲ್ಲ, ಎದುರಿನಿಂದ, ಅವನು ನಿಂತ ಕಡೆಯಿಂದ. ಕನ್ನಡಿಗಳಲ್ಲೆಲ್ಲ ಅವಳ ಮುಖ ಬಿಳಿಚಿಕೊಂಡಿತು. ಒಂದು ಕ್ಷಣ ಆ ಅಷ್ಟೂ ಕನ್ನಡಿಗಳಲ್ಲಿ ಅವಳ ಬೆನ್ನ ಹಿಂದೆ ಒಂದು ಕುರ್ಚಿ ಕಂಡಿತು. ಅಲ್ಲಿ ಯಾವ ಕುರ್ಚಿಯೂ ಇರಲಿಲ್ಲ. ಇದ್ದದ್ದು ಕೂರಲು ಎರಡು ಮರದ ಪೆಟ್ಟಿಗೆಗಳು ಮಾತ್ರ.

"ಏನಾಯ್ತು?" ಎಂದ ಅವನು ಗಾಬರಿಯಿಂದ.

"ಆಗಲ್ಲ" ಎಂದಳು. ಕುಂಚಗಳನ್ನು ತೊಳೆಯದೆ ಚೀಲಕ್ಕೆ ತುಂಬಿಕೊಂಡು ಎದ್ದುಬಂದಳು. ಅವಳ ಬದುಕಿನಲ್ಲೇ ಕುಂಚ ತೊಳೆಯದೆ ಎತ್ತಿಟ್ಟದ್ದು ಅದೊಂದೇ ದಿನ. ಒಳ್ಳೆಯ ಅಳಿಲುಕೂದಲಿನ ಕುಂಚ ಎರಡು ಗಟ್ಟಿಯಾಗಿ ಹೋದವು.

ಆಮೇಲೆ ಹದಿನೈದು ದಿನ ಅವನು ಬರಲಿಲ್ಲ, ಅವಳು ಹೋಗಲಿಲ್ಲ. ಆ ಹೊತ್ತಿಗೆ ಬೇಕರಿಯವನು ಬಂದ. ಪೇಟೆಯಲ್ಲೇ ಹಳೆಯ ಅಂಗಡಿ ಅವನದು, ಅಪ್ಪನ ಕಾಲದ್ದು. ಒಲೆಯ ಬಿಸಿಗೆ ಬೋರ್ಡಿನ ಬಣ್ಣ ಗುಳ್ಳೆ ಎದ್ದಿತ್ತು.

"ಪೂರಾ ಕೆರೆದು ಹೊಸದಾಗಿ ಬರೀರಿ ಅಕ್ಕಾ. ಆದ್ರೆ ಮೇಷ್ಟ್ರ ಕೈ ಹಾಗೇ ಇರ್ಲಿ. ಒಂದು ಅಕ್ಷರ ಬೇರೆ ಆದ್ರೂ ನಮ್ಮ ಬ್ರೆಡ್ಡು ಉಬ್ಬಲ್ಲ ಅಂತಾರೆ ನಮ್ಮಮ್ಮ."

ಬೋರ್ಡನ್ನು ಇಳಿಸಿ ತಂದು ಅಂಗಳದಲ್ಲಿ ಮಲಗಿಸಿದಳು. ಬಿಸಿಗಾಳಿ ಕೊಟ್ಟು, ಚಪ್ಪಟೆ ಉಳಿಯಿಂದ ಕೆರೆಯತೊಡಗಿದಳು. ಮೇಲಿನ ಪದರ ಎಂಟು ವರ್ಷದ ಹಿಂದಿನದು, ಅವಳಿಗೇ ನೆನಪಿತ್ತು. ಅದು ಸಿಪ್ಪೆಯ ಹಾಗೆ ಎದ್ದುಬಂತು. ಅದರಡಿ ಇನ್ನೊಂದು ಪದರ, ಅದೂ ದುಂಡನೆಯ ಅಕ್ಷರವೇ. ಅದನ್ನೂ ಎಬ್ಬಿಸಿದಳು. ಮೂರನೆಯ ಪದರದಲ್ಲಿ ಉಳಿ ನಿಂತಿತು.

ಕೆಳಗೆ ಬೇರೆ ಯಾರದೋ ಅಕ್ಷರಗಳಿದ್ದವು. ಸಣ್ಣ ಸೊಂಟ, ಚೂಪು ಮೂಲೆ, ಎದೆ ಸೆಟೆಸಿ ಸಾಲಿನಲ್ಲಿ ನಿಂತ ಸಿಪಾಯಿಗಳ ಹಾಗೆ. ಬಾಲಗಳಿಗೆ ಕೊಂಕಿಲ್ಲ, ಕತ್ತಿಯಿಂದ ಕತ್ತರಿಸಿದಂತೆ ನೇರ. ಚೆಂದವೇ ಇದ್ದವು, ಶಿಸ್ತಾದ ಕೆಲಸ. ಯಾರೋ ಬೇರೆ ಪೇಂಟರು ಬರೆದದ್ದಿರಬೇಕು ಎಂದುಕೊಂಡು ಎಡ ಮೂಲೆ ಒರೆಸಿದಳು. ಮೇಷ್ಟ್ರ ಸಹಿ. ಪಕ್ಕದಲ್ಲಿ ಇಸವಿ, ಅವಳ ಮದುವೆಗೆ ಎರಡು ವರ್ಷ ಹಿಂದಿನದು.

ಅವಳು ಬಿಸಿಲಲ್ಲೇ ಕೂತುಬಿಟ್ಟಳು. ಕೆರೆದು ಹಾಕಿದ ಸಿಪ್ಪೆಗಳನ್ನು ಒಂದೊಂದಾಗಿ ಎತ್ತಿಕೊಂಡು ಜೋಡಿಸಿ ನೋಡಿದಳು. ಮೇಲಿನ ಎರಡೂ ಪದರ ದುಂಡು, ಕೆಳಗಿನದೊಂದು ಚೂಪು. ಊರಿನ ಬೀದಿಗಳನ್ನು ಮನಸ್ಸಿನಲ್ಲೇ ನಡೆದುಬಂದಳು. ಔಷಧಿ ಅಂಗಡಿ, ಅವಳು ಬಂದ ಮೇಲಿನದು. ಸೈಕಲ್ ಶಾಪು, ಬಂದ ಮೇಲಿನದು. ಮೇಷ್ಟ್ರು ಸೀಮೆಸುಣ್ಣದಲ್ಲಿ ಪೂರ್ತಿ ಅಂಚು ಗೀಚಿಕೊಡುತ್ತಿದ್ದದ್ದು ಎಲ್ಲಿಯವರೆಗೆ? ಮದುವೆಯ ನಾಲ್ಕನೆಯ ವರ್ಷ ಅವರಿಗೆ ದೊಡ್ಡ ಜ್ವರ ಬಂದಿತ್ತು. ಆಮೇಲೆ ಗೀಚುವುದು ಕಡಿಮೆಯಾಯಿತು. ಮೊದಲು ಬರೀ ಅಕ್ಷರದ ಎಲುಬು ಗೀಚಿದರು. ಆಮೇಲೆ ಮೇಲೊಂದು ಕೆಳಗೊಂದು ಗೆರೆ, ನಡುವೆ ಅಕ್ಷರ ಎಲ್ಲಿ ಶುರುವಾಗಬೇಕೋ ಅಲ್ಲೊಂದು ಚುಕ್ಕೆ. "ಉಳಿದದ್ದು ತುಂಬು" ಎನ್ನುವರು. ಅವಳು ತುಂಬುವಳು. ಎರಡು ಗೆರೆ ಮತ್ತು ಹತ್ತು ಚುಕ್ಕೆಗಳ ನಡುವೆ ಅವಳು ತುಂಬಿದ್ದು ಏನು?

ಒಳಗೆ ಹೋಗಿ ಅತ್ತೆಯ ಮುಂದೆ ನೆಲದ ಮೇಲೆ ಕೂತಳು.

"ಅತ್ತೆ, ಅವರ ಕೈ ನಡುಗ್ತಿತ್ತು ಅಲ್ವಾ?"

ಮುದುಕಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನಡುಗೋದು ನೀನು ನೋಡಿಲ್ವೇನೇ?"

"ಲೋಟ ಹಿಡಿದಾಗ ನಡುಗೋದು ನೋಡಿದ್ದೆ. ಕುಂಚ ಹಿಡಿದ್ರೆ ನಿಲ್ಲುತ್ತೆ ಅಂತಿದ್ರು. ಸಹಿ ಮಾತ್ರ ಸರಿಯಾಗೇ ಹಾಕ್ತಿದ್ರಲ್ಲ."

"ಸಹಿ ಹಾಕೋವಾಗ ನಿನ್ನ ಎಲ್ಲಿಗೆ ಕಳಿಸ್ತಿದ್ದ?"

ಅವಳಿಗೆ ಹೊಳೆಯಿತು. ಪ್ರತಿ ಸಲವೂ ಚಹಾ ಮಾಡಲು. ಬೋರ್ಡ್ ಮುಗಿದ ಕೂಡಲೇ, "ಒಂದು ಲೋಟ ಚಹಾ ಮಾಡು, ಅಷ್ಟರಲ್ಲಿ ಸಹಿ ಹಾಕಿರ್ತೀನಿ." ಹದಿನೇಳು ವರ್ಷದ ಚಹಾ.

"ಕಾಗದದ ಮೇಲೆ ಇಪ್ಪತ್ತು ಸಲ ಬರೆದು ನೋಡೋನು. ಕೋಲಿನ ಮೇಲೆ ಕೈಯಿಟ್ಟು, ಎಡಗೈಲಿ ಬಲಗೈನ ಒತ್ತಿ ಹಿಡಿದು, ಬೆವರು ಸುರಿಸಿ ಆ ಒಂದು ಸಹಿ. ಆಗ ನಂಗೆ ಕಣ್ಣು ಚೆನ್ನಾಗಿತ್ತು ಕಣೇ, ಎಲ್ಲ ನೋಡ್ತಿದ್ದೆ. ಒಂದು ದಿನ ಅತ್ತ. 'ನನ್ನ ಅಕ್ಷರ ಹೋಯ್ತಮ್ಮ, ಊರಲ್ಲೆಲ್ಲ ಅವಳದ್ದೇ ಇದೆ' ಅಂದ. ಅವಳಿಗೆ ಹೇಳೋ ಅಂದೆ. 'ಹೇಳಿದ್ರೆ ಅವಳಿಗೆ ನಾನ್ಯಾಕೆ ಬೇಕು, ಹೋಗ್ಬಿಡ್ತಾಳೆ' ಅಂದ. ನನ್ನ ಕೈಲಿ ಆಣೆ ಹಾಕಿಸ್ಕೊಂಡ."

"ಅವರು ಹೋದ ಮೇಲಾದ್ರೂ ಹೇಳಬಹುದಿತ್ತಲ್ಲ ಅತ್ತೆ."

"ಹೇಳಿದ್ರೆ ನೀನೂ ಹೋಗ್ಬಿಟ್ರೆ?" ಮುದುಕಿಯ ದನಿ ಒಡೆಯಿತು. "ಅವನಿಗೆ ಹೆದರಿಕೆ ಒಂದಿತ್ತು. ನಂಗೆ ಎರಡು."

ಅವಳಿಗೆ ಸಿಟ್ಟು ಬಂತು. ಇಂಥ ಸಿಟ್ಟು ಬರಬಲ್ಲದು ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕುರ್ಚಿಯ ಎದುರು ನಿಂತಳು. ನಡು ಮಧ್ಯಾಹ್ನ, ಹೊರಗೆ ಬಿಸಿಲು, ಬೀದಿಯಲ್ಲಿ ಯಾರೋ ಹಳೇ ಪೇಪರ್ ಕೊಳ್ಳುವವನು ಕೂಗುತ್ತಿದ್ದ. ಇಪ್ಪತ್ತೊಂದು ವರ್ಷ ಆ ಕುರ್ಚಿಗೆ ಬೆನ್ನು ಕೊಟ್ಟು ಕೂತವಳು ಮುಖ ಕೊಟ್ಟು ನಿಂತದ್ದು ಅಂದೇ.

ಟಕ್, ಟಕ್.

ಇಷ್ಟು ಹತ್ತಿರದಿಂದ ಕೇಳಿದಾಗ ಅದು ಬೇರೆ ಥರ ಇತ್ತು. ತಪ್ಪು ತೋರಿಸುವ ಸದ್ದಿನ ಹಾಗಿರಲಿಲ್ಲ. ಕತ್ತಲಾಗುವ ಮುಂಚೆ ಬಾಗಿಲ ಹೊರಗೆ ನಿಂತ ಮನುಷ್ಯ, ಒಳಗೆ ಯಾರಾದರೂ ಇದ್ದೀರಾ ಎಂದು ಅಳುಕುತ್ತ ತಟ್ಟಿದಂತಿತ್ತು.

"ನಾನು ಹೋಗ್ತಿರಲಿಲ್ಲ ಕಣ್ರೀ" ಎಂದಳು. "ಹೇಳಿದ್ರೂ ಹೋಗ್ತಿರಲಿಲ್ಲ. ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?"

ಅವಳು ಗೋಡೆಗೆ ಮುಖಮಾಡಿ ನಿಲ್ಲಿಸಿದ್ದ ದರ್ಜಿಯ ಬೋರ್ಡನ್ನು ತಿರುಗಿಸಿದಳು. ಕೊನೆಯ ಅಕ್ಷರ, ಕೆಂಪು, ಬಾಲದ ಕೊಂಕು. ಒಳ್ಳೆಯ ಅಕ್ಷರ. ಅದನ್ನು ಹಳೇ ಪೇಪರ್‌ನವನನ್ನು ಕರೆದು ತಗಡಿನ ಲೆಕ್ಕಕ್ಕೆ ಕೊಟ್ಟುಬಿಟ್ಟಳು. ಅವನು ಅದನ್ನು ತಳ್ಳುಗಾಡಿಯ ಮೇಲೆ ಹಾಸಿಕೊಂಡು ಹೋದ.

ಬೇಕರಿಯ ಬೋರ್ಡನ್ನು ಅವಳು ಎಂದಿನಂತೆಯೇ ಬರೆದಳು, ಹೊಟ್ಟೆ ದುಂಡಗೆ, ಬಾಲಕ್ಕೆ ಕೊಂಕು. ಬೇರೆ ಮಾಡಲು ಏನಿತ್ತು? ಎರಡು ಸಲ ಕೋಲು ಕುಟ್ಟಿತು. ಮೊದಲನೆಯ ಸಲ ನಿಂತು ನೋಡಿದಳು, ಗೆರೆ ನಿಜವಾಗಿಯೂ ಆಚೆ ಹೋಗಿತ್ತು, ಒರೆಸಿದಳು. ಎರಡನೆಯ ಸಲ ನೋಡಿದಳು, ಏನೂ ಕೆಟ್ಟಿರಲಿಲ್ಲ, ಮುಂದುವರಿದಳು. ಎಡ ಮೂಲೆಯಲ್ಲಿ ಇಸವಿ ಮಾತ್ರ ಹಾಕಿದಳು.

ಬೇಕರಿಯವನು ನೋಡಿ, "ಅಬ್ಬಾ, ಮೇಷ್ಟ್ರೇ ಎದ್ದುಬಂದು ಬರೆದ ಹಾಗಿದೆ. ಸಹಿ ಎಲ್ಲಿ ಅಕ್ಕಾ?" ಎಂದ.

"ಬರೆದೋಳು ನಾನು. ಅವರ ಸಹಿ ಹೇಗೆ ಹಾಕ್ಲಿ?"

"ಹಾಗಾದ್ರೆ ನಿಮ್ಮದು ಹಾಕಿ."

"ಇನ್ನೂ ಅಭ್ಯಾಸ ಆಗಿಲ್ಲ" ಎಂದು ನಕ್ಕಳು. ಅದು ನಿಜವೂ ಆಗಿತ್ತು. ಬ್ಯಾಂಕಿನ ಕಾಗದದ ಮೇಲೆ ಬಿಟ್ಟರೆ ಅವಳು ಎಲ್ಲೂ ಸಹಿ ಹಾಕಿದವಳಲ್ಲ.

ಮರುದಿನ ಗಾಜಿನವನ ಅಂಗಡಿಗೆ ಹೋದಳು. ಅವನು ಗಡ್ಡ ಬಿಟ್ಟಿದ್ದ, ಅದು ಒಂದಿಷ್ಟೂ ಒಪ್ಪುತ್ತಿರಲಿಲ್ಲ.

"ಗಾಜಿನವರೇ, ನಿಮ್ಮನ್ನ ಬೇಡ ಅಂತ ನಾನು ಅನ್ನಲಿಲ್ಲ. ಏಣಿ ಹತ್ತೋದು ಬಿಡಲ್ಲ ಅಂದದ್ದು. ಮನೇನೂ ಬಿಡಲ್ಲ. ಒಳಗೆ ಕೂತು ಬಣ್ಣ ತುಂಬೋದು ಸಾಕಾಗಿದೆ ನನಗೆ."

"ನೀವು ಅಂದಿದ್ದು 'ಆಗಲ್ಲ' ಅಂತ ಒಂದೇ ಮಾತು. ಇಷ್ಟೆಲ್ಲ ಅದರೊಳಗಿತ್ತಾ?"

"ಇತ್ತು. ನನಗೂ ಗೊತ್ತಿರಲಿಲ್ಲ."

ಅವನು ಗಡ್ಡ ಕೆರೆದುಕೊಂಡ. "ಏಣಿ ಬಿಡಿ ಅಂದದ್ದು, ನೀವು ಬಿದ್ರೆ ಅಂತ ಹೆದರಿ."

"ಹೆದರಿಕೆ ಇದ್ರೆ ಹೆದರಿಕೆ ಅಂತಾನೇ ಹೇಳಿ. ನಾನಿದ್ದೀನಲ್ಲ ಅಂತ ಸುತ್ತಿ ಕೊಡಬೇಡಿ. ಹಾಗೆ ಸುತ್ತಿಕೊಟ್ಟದ್ದನ್ನ ಒಂದು ಸಲ ಇಪ್ಪತ್ತೊಂದು ವರ್ಷ ಇಟ್ಕೊಂಡಿದ್ದೆ."

"ಹೆದರಿಕೆ ಇದೆ" ಎಂದ ಅವನು, ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳುವವನ ಹಾಗೆ.

"ಇರಲಿ. ನನಗೂ ಇದೆ" ಎಂದಳು ಅವಳು. ಬೇರೆ ಬೇರೆ ಪೆಟ್ಟಿಗೆಗಳ ಮೇಲೆ ಕೂತು ಆ ದಿನ ಇಬ್ಬರೂ ಕೆಲಸವನ್ನೇ ಮಾಡಲಿಲ್ಲ. ಕೋಲು ಈಗಲೂ ಕುಟ್ಟುವುದನ್ನು ಅವಳು ಅವನಿಗೆ ಹೇಳಿದ್ದು ಅಂದೇ.

ಊರು ಮಾತಾಡಿತು. ಗಂಡನ ಕೈ ಹಿಡಿದು ಬರೆಯುವವಳು ಗಾಜಿನವನ ಕೈ ಹಿಡಿದಳು ಎಂದು ಕ್ಷೌರದಂಗಡಿಯಲ್ಲಿ ನಗೆಯಾಡಿದರು. ಅತ್ತೆ ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ, "ಅವನಿಗೆ ಹೇಳು, ಬರೋವಾಗ ಚಪ್ಪಲಿ ಹೊರಗೆ ಬಿಡ್ಲಿ" ಎಂದರು. ಯಾರಿಗೆ ಹೇಳಬೇಕೆಂದು ಅವಳು ಕೇಳಲಿಲ್ಲ.

ಮುಂದಿನ ವರ್ಷ, ಐದು ಗಂಟೆ ಬಸ್ಸು ದೂರದ ಊರಿನಲ್ಲಿ ಹೊಸ ಬಸ್ ನಿಲ್ದಾಣದ ಅಷ್ಟೂ ಫಲಕಗಳನ್ನು ಬರೆಯುವ ಕೆಲಸ ಅವಳಿಗೆ ಸಿಕ್ಕಿತು. ಹನ್ನೆರಡು ದಿನದ ಕೆಲಸ. ಬದುಕಿನಲ್ಲಿ ಮೊದಲ ಸಲ ಒಬ್ಬಳೇ ಬೇರೆ ಊರಿನಲ್ಲಿ, ಹೆಂಗಸರ ಹಾಸ್ಟೆಲಿನ ಒಂದು ಕೋಣೆಯಲ್ಲಿ ಇಳಿದುಕೊಂಡಳು. ಆ ಊರಿನ ಬೀದಿಗಳಲ್ಲಿ ತಲೆಯೆತ್ತಿ ನಡೆಯಬಹುದಿತ್ತು. ಯಾವ ಅಂಗಡಿಯ ಮೇಲೂ ಅವಳಿಗೆ ಗೊತ್ತಿರುವ ಅಕ್ಷರವಿಲ್ಲ. ಮೊದಲ ಎರಡು ದಿನ ಗಾಳಿಯಲ್ಲಿ ತೇಲಿದ ಹಾಗಿತ್ತು. ಮೂರನೆಯ ದಿನ ಏಣಿಯ ಮೇಲೆ, ಒಂದು ಗೆರೆ ಸೊಟ್ಟಗಾದಾಗ, ತಾನು ಕಿವಿಗೊಟ್ಟು ಕಾಯುತ್ತಿರುವುದು ಅರಿವಾಯಿತು. ಹಿಂದೆ ಬಸ್ಸುಗಳ ಗದ್ದಲ ಬಿಟ್ಟರೆ ಏನೂ ಇಲ್ಲ. ಬೆನ್ನಿಗೆ ಚಳಿಯಾದಂತಾಯಿತು. ಇಷ್ಟು ವರ್ಷ ಹೆದರಿದ್ದು ಅವರಿದ್ದಾರೆಂದು. ಈಗ ಅವರಿಲ್ಲವೆಂದು ಹೆದರಿಕೆ. ಸೊಟ್ಟಗಾದದ್ದನ್ನು ತಾನೇ ಕಂಡು ತಾನೇ ಒರೆಸಿದಳು.

ಭಾನುವಾರ ಗಾಜಿನವನು ಬೆಳಗಿನ ಬಸ್ಸಿಗೆ ಬಂದಿಳಿದ. ಕ್ಷೌರ ಮಾಡಿಸಿಕೊಂಡಿದ್ದ, ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದ. ಅವಳು ಊರಲ್ಲಿಲ್ಲದಾಗ ಅತ್ತೆಯನ್ನು ಬೆಳಿಗ್ಗೆ ಸಂಜೆ ನೋಡಿಕೊಳ್ಳುವ ಕೆಲಸ ಅವನದಾಗಿತ್ತು, ಆ ದಿನ ಮಾತ್ರ ಬೇಕರಿಯವನ ತಾಯಿ ಕೂತಿದ್ದರು. ನಿಲ್ದಾಣದ ಕಲ್ಲುಬೆಂಚಿನಲ್ಲಿ ಕೂತು ಇಬ್ಬರೂ ಬನ್ನು ತಿಂದರು.

"ಅತ್ತೆ ಹೇಗಿದ್ದಾರೆ?"

"ಚೆನ್ನಾಗಿ ಬೈತಾರೆ. ಹಾಗಂದ್ರೆ ಆರೋಗ್ಯ ಸರಿಯಾಗಿದೆ." ಅವನು ಅಂಗಿಯ ಮೇಲಿನ ಬನ್ನಿನ ಚೂರು ಕೊಡವಿದ. "ಮೊನ್ನೆ ಮಧ್ಯಾಹ್ನ ಅವರಿಗೆ ಔಷಧಿ ಕೊಡ್ತಿದ್ದೆ. ಮುಂದಿನ ಕೋಣೆಯಿಂದ ನನಗೂ ಕೇಳ್ತು."

ಅವಳ ಕೈಯ ಬನ್ನು ಅಲ್ಲೇ ನಿಂತಿತು. "ಏನು ಕೇಳ್ತು?"

"ನೀವು ಹೇಳ್ತಿದ್ರಲ್ಲ, ಅದು. ಎರಡು ಸಲ."

ಇಷ್ಟು ದಿನ ಅವಳು ಹೇಳಿದ್ದನ್ನು ಅವನು ನಂಬಿದ್ದ. ಆದರೆ ನಂಬುವುದು ಬೇರೆ, ಕೇಳುವುದು ಬೇರೆ. ಅವನ ಮುಖದಲ್ಲಿ ಇನ್ನೂ ಆ ಮಧ್ಯಾಹ್ನ ಇತ್ತು.

"ಏನು ಮಾಡಿದ್ರಿ?"

"ಓಡಿಹೋಗೋಣ ಅನ್ನಿಸ್ತು. ನಿಮ್ಮತ್ತೆ ಕೈ ಹಿಡ್ಕೊಂಡಿದ್ರು, ಬಿಡಲಿಲ್ಲ. ಆಮೇಲೆ ಬಾಗಿಲ ಹತ್ರ ಹೋಗಿ, 'ಅವರು ಮನೇಲಿಲ್ಲ ಮೇಷ್ಟ್ರೇ, ಕೆಲಸದ ಮೇಲೆ ಪರಊರಿಗೆ ಹೋಗಿದ್ದಾರೆ, ಗುರುವಾರ ಬರ್ತಾರೆ' ಅಂದೆ."

ಅವಳಿಗೆ ನಗು ಬಂತು, ನಗುತ್ತಿದ್ದಂತೆಯೇ ಕಣ್ಣು ತುಂಬಿತು. "ಶುಕ್ರವಾರ" ಎಂದಳು. "ಪೂರ್ವದ ಗೋಡೆಯದು ಇನ್ನೊಂದು ಫಲಕ ಸೇರಿಸಿದ್ದಾರೆ. ಒಪ್ಕೊಂಡಿದ್ದೀನಿ."

"ಹಾಗಾದ್ರೆ ಹೋಗಿ ತಿದ್ದಿ ಹೇಳ್ತೀನಿ, ಶುಕ್ರವಾರ ಅಂತ."

ಇಬ್ಬರೂ ಮದುವೆಯಾದದ್ದು ಅದಾದ ಎರಡನೆಯ ವರ್ಷ, ಒಂದು ಮಂಗಳವಾರ, ರಿಜಿಸ್ಟ್ರಾರ್ ಕಚೇರಿಯಲ್ಲಿ. ಮನೆಗಳು ಎರಡಾಗಿಯೇ ಉಳಿದವು. ಆದರೆ ಆ ಭಾನುವಾರ ಅದಾವುದೂ ಇಬ್ಬರಿಗೂ ಗೊತ್ತಿರಲಿಲ್ಲ. ಎರಡು ಗಂಟೆಗೆ ಅವನ ಬಸ್ಸು ಬಂತು. ಅವನು ಕಿಟಕಿಯ ಪಕ್ಕ ಕೂತ. ಅವಳು ಬಣ್ಣದ ಕೈಯನ್ನೇ ಎತ್ತಿ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಪೂರ್ವದ ಗೋಡೆಯ ಕಡೆ ನೋಡಿದಳು. ಅಲ್ಲಿ ಆಗಲೇ ನೆರಳು ಬಿದ್ದು ಫಲಕದ ನೆಲದ ಬಣ್ಣ ಒಣಗಿತ್ತು. ಡಬ್ಬಿ ಎತ್ತಿಕೊಂಡು ಆ ಕಡೆ ನಡೆದಳು.